‘ಹಂಗಾಮಿ ಮುಖ್ಯಮಂತ್ರಿ’ ಎಂದರೆ ಯಾರು?

ರಾಜೀನಾಮೆ ಕೊಟ್ಟ ಮುಖ್ಯಮಂತ್ರಿಗೆ ರಾಜ್ಯಪಾಲರು ‘ಬದಲಿ ವ್ಯವಸ್ಥೆ ಆಗುವವರೆಗೆ ಮುಂದುವರಿಯಿರಿ’ ಎಂದರೆ ಸಾಕು, ಮರುದಿನದ ಪತ್ರಿಕೆಯಲ್ಲಿ ಅವರು ‘ಹಂಗಾಮಿ ಮುಖ್ಯಮಂತ್ರಿ’. 2019ರ ಜುಲೈ 23ರಂದು ವಿಶ್ವಾಸಮತ ಸೋತ ಕುಮಾರಸ್ವಾಮಿ, 26ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸುವವರೆಗೆ ಹಂಗಾಮಿ. 2021ರ ಜುಲೈ 26ರಂದು ರಾಜೀನಾಮೆ ಕೊಟ್ಟ ಯಡಿಯೂರಪ್ಪ, 28ಕ್ಕೆ ಬಸವರಾಜ ಬೊಮ್ಮಾಯಿ ಬರುವವರೆಗೆ ಹಂಗಾಮಿ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ನಾಲ್ಕೇ ಸ್ಥಾನ ಸಿಕ್ಕಿದ್ದಕ್ಕೆ ರಾಜೀನಾಮೆ ಕೊಟ್ಟ ರಾಮಕೃಷ್ಣ ಹೆಗಡೆಯವರು 1985ರ ವಿಧಾನಸಭಾ ಚುನಾವಣೆ ಮುಗಿಯುವವರೆಗೂ ಹಂಗಾಮಿ.

ಆದರೆ ಹಂಗಾಮಿ ನೌಕರ, ಹಂಗಾಮಿ ಸ್ಪೀಕರ್ ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಬೇರೆಯೇ ಅಲ್ಲವೆ? ಇವರು ಇನ್ನೂ ಖಾಯಂ ಆಗದವರು, ಖಾಯಂ ಆದವರು ಬರುವವರೆಗೆ ಕೂತವರು. ಮೇಲೆ ಹೇಳಿದ ಮುಖ್ಯಮಂತ್ರಿಗಳಾದರೋ ಖಾಯಂ ಆಗಿದ್ದು ಹೊರಟು ನಿಂತವರು. ಫಾರಸಿಯ ‘ಹಂಗಾಮ್’ ಎಂದರೆ ಕಾಲ, ಋತು. ‘ಮುಂಗಾರು ಹಂಗಾಮು’ ಅಲ್ಲಿಂದಲೇ ಬಂದದ್ದು. ಒಂದು ಕಾಲಕ್ಕಷ್ಟೇ ಎಂಬ ಅರ್ಥ ಇಬ್ಬರಿಗೂ ಹೊಂದುತ್ತದೆ, ಒಪ್ಪುತ್ತೇನೆ. ಆದರೂ ಬರುವವರಿಗೂ ಹೋಗುವವರಿಗೂ ಒಂದೇ ಪದವೇ?

ತೊಡಕು ಹೆಚ್ಚುವುದು ಎಸ್.ಆರ್. ಕಂಠಿಯವರ ವಿಷಯದಲ್ಲಿ. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಆದರೆ ಮುಖ್ಯಮಂತ್ರಿಯಾಗಬೇಕಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಮಾರ್ಚ್ 14ರಂದು ಕಂಠಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಜೂನ್‌ನಲ್ಲಿ ತಕರಾರಿಲ್ಲದೆ ಕುರ್ಚಿ ಬಿಟ್ಟು, ಅವರದೇ ಸಂಪುಟದಲ್ಲಿ ಶಿಕ್ಷಣ ಸಚಿವರಾದರು. (ಇಂಥದ್ದು ಈಗ ಊಹಿಸಲೂ ಕಷ್ಟ.) ಇವರನ್ನೂ ಹಂಗಾಮಿ ಮುಖ್ಯಮಂತ್ರಿ ಎನ್ನುವುದುಂಟು. ನನಗಂತೂ ಒಪ್ಪಿಗೆಯಿಲ್ಲ. ಅವರು ವಿಧಿವತ್ತಾಗಿ ಪ್ರಮಾಣವಚನ ಸ್ವೀಕರಿಸಿದ ಪೂರ್ಣ ಮುಖ್ಯಮಂತ್ರಿ. ಮನಸ್ಸಿನಲ್ಲಿ ಮಾತ್ರ ಪಾದುಕೆ ಇಟ್ಟುಕೊಂಡು ಆಳಿದ ಭರತ. ಅಧಿಕಾರ ಅಲ್ಪಾವಧಿಯದಾಗಿತ್ತೇ ಹೊರತು ಅರೆಬರೆಯದಾಗಿರಲಿಲ್ಲ.

ಸಂವಿಧಾನದ ನೆರವು ಇಲ್ಲಿ ಸಿಗದು. 164ನೇ ವಿಧಿಯಲ್ಲಿ ಇರುವುದು ಮುಖ್ಯಮಂತ್ರಿ ಮಾತ್ರ, ಹಂಗಾಮಿಯ ಸುದ್ದಿಯೇ ಇಲ್ಲ. ಹಾಗಾಗಿ ಇದು ಪೂರ್ತಿ ರೂಢಿಯ ಮಾತು.

ಬದಲಿ ಪದ ಹುಡುಕಿದೆ. ‘ಉಸ್ತುವಾರಿ’ ಅರ್ಥಕ್ಕೆ ಹತ್ತಿರ, ಆದರೆ ಅದನ್ನು ಜಿಲ್ಲಾ ಉಸ್ತುವಾರಿ ಸಚಿವರು ಆಗಲೇ ಹಿಡಿದುಕೊಂಡಿದ್ದಾರೆ. ‘ಪ್ರಭಾರ’ ಎಂದರೆ ತನ್ನ ಹುದ್ದೆಯ ಜತೆಗೆ ಇನ್ನೊಬ್ಬರ ಹುದ್ದೆಯನ್ನೂ ನೋಡಿಕೊಳ್ಳುವ ತಹಶೀಲ್ದಾರರ ನೆನಪಾಗುತ್ತದೆ. ‘ನಿರ್ಗಮಿತ’ ಎಂದರೆ ಹೋಗಿಯೇ ಬಿಟ್ಟವರು. ‘ನಿರ್ಗಮನ ಮುಖ್ಯಮಂತ್ರಿ’ಯಂತೂ ಬಾಗಿಲ ಮೇಲಿನ ಫಲಕದಂತಿದೆ.

ಇದಕ್ಕೆ ಪೂರ್ತಿ ವಿರುದ್ಧ 1989ರ ಏಪ್ರಿಲ್‌ನ ಎಸ್.ಆರ್. ಬೊಮ್ಮಾಯಿ. ಸರ್ಕಾರವೇ ವಜಾ, ರಾಷ್ಟ್ರಪತಿ ಆಳ್ವಿಕೆ. ಹಾಲಿಯಿಂದ ನೇರವಾಗಿ ಮಾಜಿ. ಅಲ್ಲಿ ಪದದ ಗೊಂದಲವೇ ಇಲ್ಲ.

ಹೊರಟು ನಿಂತವರಿಗೆ ಹಂಗಾಮಿಯನ್ನೇ ಉಳಿಸಿಕೊಂಡು, ಕಂಠಿಯವರಂಥವರಿಗೆ ‘ಅಲ್ಪಾವಧಿ ಮುಖ್ಯಮಂತ್ರಿ’ ಎಂದರೆ ಸಾಕೇ? ಹೆಗಡೆಯವರ ರಾಜೀನಾಮೆಯ ದಿನಗಳ ಪತ್ರಿಕೆಗಳನ್ನು ಇಟ್ಟುಕೊಂಡವರು ಆಗ ಯಾವ ಪದ ಬಳಸಿದ್ದರೆಂದು ನೋಡಿ ತಿಳಿಸಿದರೆ ಉಪಕಾರ.