ಕಾಕಾ ಹಾಕಿದ ವಿಡಿಯೋ

(ವಿಜಯಪುರದ ಒಂದು ಮನೆತನದ ವಾಟ್ಸಾಪ್ ಗುಂಪು, ರಾತ್ರಿ ಊಟದ ನಂತರ)

ಬಸು ಕಾಕಾ: ಈ ವಿಡಿಯೋ ಎಲ್ಲರೂ ನೋಡಿ. ನ್ಯೂಯಾರ್ಕ್‌ನಲ್ಲಿ 1956ರಲ್ಲಿ ಬ್ರಸೆಲ್ ಅಂತ ಒಬ್ಬ ಮನೋವೈದ್ಯ. ಬಾಂಬ್ ಇಡುತ್ತಿದ್ದವನ ಪತ್ರಗಳನ್ನು ಓದಿ, ಆಸಾಮಿ ಸಿಕ್ಕಾಗ ಡಬಲ್ ಬ್ರೆಸ್ಟ್ ಕೋಟಿನಲ್ಲಿರುತ್ತಾನೆ ಅಂದ. ಹಾಗೇ ಆಯ್ತು! ಹೀಗೆ ಪ್ರೊಫೈಲ್ ಮಾಡೋನು, ಅಂದ್ರೆ ಅಪರಾಧ ನೋಡಿ ಅಪರಾಧಿ ಎಂಥವನು ಅಂತ ಊಹಿಸೋನು, ಜಿಲ್ಲೆಗೊಬ್ಬ ಇರಬೇಕು.

ಪ್ರಕಾಶ: ಭಾರಿ ಐತಿ ಕಾಕಾ!

ಸವಿತಾ: ಕಾಕಾ, ಅರ್ಧ ಕಥೆ ಹೇಳಿದ್ದಾರೆ. ಪೊಲೀಸರು ಬಾಗಿಲು ಬಡಿದಾಗ ಆ ಬಾಂಬ್ ಆಸಾಮಿ ಮೆಟೆಸ್ಕಿ ಪೈಜಾಮದಲ್ಲಿದ್ದ. ಬಟ್ಟೆ ಬದಲಿಸಿ ಬಾ ಅಂದ ಮೇಲೆ ಆ ಕೋಟು ಹಾಕಿಕೊಂಡ. ಆ ಕಾಲದಲ್ಲಿ ಅಂಥ ಕೋಟು ಎಷ್ಟು ಜನ ಹಾಕುತ್ತಿದ್ದರೋ! ಅವನ ಸುಳಿವು ಸಿಕ್ಕಿದ್ದು ವಿದ್ಯುತ್ ಕಂಪನಿಯ ಕ್ಲರ್ಕ್ ಆಲಿಸ್ ಕೆಲ್ಲಿಗೆ. ಹಳೇ ಪರಿಹಾರದ ಫೈಲು ತೆಗೆದು ಓದುತ್ತಾ ಕೂತರು. ಕೆಲಸದಲ್ಲಿ ಪೆಟ್ಟಾಗಿ ಪರಿಹಾರ ಸಿಗದ ನೌಕರನೊಬ್ಬನ ಪತ್ರದಲ್ಲಿ ಬಾಂಬ್ ಪತ್ರದ ಮಾತುಗಳೇ ಇದ್ದವು.

ಬಸು ಕಾಕಾ: ಖಾಕಿ ಹಾಕಿ ಕೂದಲು ಬೆಳ್ಳಗಾದವನು ನಾನು. ಬೀಗ ಮುರಿದ ರೀತಿ ನೋಡಿದರೆ ಯಾರ ಕೈಕೆಲಸ ಅಂತ ಹೇಳ್ತಿದ್ದೆ. ಮೊದಲು ಎಂಒಬಿ ಆಸಾಮಿಗಳನ್ನೇ, ಅಂದ್ರೆ ಅಪರಾಧದ ರೀತಿ ಸಮೇತ ನಮ್ಮ ಪಟ್ಟಿಯಲ್ಲಿದ್ದ ಹಳೇ ಅಪರಾಧಿಗಳನ್ನೇ, ಕರೆಸ್ತಿದ್ವಿ. ಅದೂ ತಪ್ಪಾ?

ಸವಿತಾ: ಬೀಗದ ಗುರುತನ್ನು ಕೋರ್ಟಿನಲ್ಲಿ ತೋರಿಸಬಹುದು ಕಾಕಾ. ‘ಒಂಟಿ ಗಂಡಸು, ಯಾರ ಜೊತೆಗೂ ಬೆರೆಯಲ್ಲ’ ಅನ್ನೋದನ್ನು ಹೇಗೆ ತೋರಿಸ್ತೀರಿ? ಅದು ನಮ್ಮ ಓಣಿಯಲ್ಲೇ ಹತ್ತು ಜನಕ್ಕೆ ಹೊಂದುತ್ತೆ. ಲಂಡನ್ನಿನಲ್ಲಿ 1992ರಲ್ಲಿ ರೇಚಲ್ ನಿಕೆಲ್ ಕೊಲೆಯಾದಾಗ ಹೀಗೇ ಆಯ್ತು. ಪ್ರೊಫೈಲಿಗೆ ಹೊಂದ್ತಾನೆ ಅಂತ ಕಾಲಿನ್ ಸ್ಟಾಗ್ ಬೆನ್ನು ಹತ್ತಿದರು. ಮಹಿಳಾ ಪೊಲೀಸೊಬ್ಬರು ವೇಷ ಮರೆಸಿ, ಪ್ರೀತಿಯ ನಾಟಕವಾಡಿ, ತಿಂಗಳುಗಟ್ಟಲೆ ಪತ್ರ ಬರೆದರು. ಆದರೂ ಅವನು ಕೊಲೆ ಒಪ್ಪಲಿಲ್ಲ. 1994ರಲ್ಲಿ ಜಡ್ಜ್ ಆ ಸಾಕ್ಷ್ಯವನ್ನೇ ತಳ್ಳಿಹಾಕಿದರು. ನಿಜವಾದ ಕೊಲೆಗಾರ ನ್ಯಾಪರ್‌ಗೆ ಶಿಕ್ಷೆಯಾಗಿದ್ದು 2008ರಲ್ಲಿ. ನಡುವೆ, 1993ರಲ್ಲಿ, ಅವನು ಒಬ್ಬ ತಾಯಿಯನ್ನೂ ಅವಳ ನಾಲ್ಕು ವರ್ಷದ ಮಗಳನ್ನೂ ಕೊಂದಿದ್ದ.

ಶಾಂತಾ ಅತ್ತಿ: ಅಯ್ಯೋ ಶಿವನೇ.

ಪ್ರಕಾಶ: ಅದೊಂದು ಕೇಸು ಅಕ್ಕಾ. 1986ರಲ್ಲಿ ಲಂಡನ್ನಿನ ರೈಲ್ವೇ ಸ್ಟೇಷನ್ ಹತ್ತಿರದ ಅತ್ಯಾಚಾರಗಳ ಕೇಸಿನಲ್ಲಿ ಮನಶ್ಶಾಸ್ತ್ರಜ್ಞ ಕ್ಯಾಂಟರ್ ಹೇಳಿದ್ದು ಸರಿಯಾಯ್ತಲ್ಲ?

ಸವಿತಾ: ಆಯ್ತು, ಇಲ್ಲ ಅನ್ನಲ್ಲ. ಆದರೆ ಆ ಅಪರಾಧಿ ಡಫಿ ಹೆಸರು ಆಗಲೇ ಪೊಲೀಸರ ಪಟ್ಟಿಯಲ್ಲಿತ್ತು. ಯಾರನ್ನು ಮೊದಲು ನೋಡಬೇಕು ಅಂತ ತಿಳಿಯಿತು, ಅಷ್ಟೇ. ಅದೇ ಕ್ಯಾಂಟರ್ 2004ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರ ವಿಂಗಡಣೆಯನ್ನು 100 ಕೊಲೆಗಳ ಮೇಲೆ ಪರೀಕ್ಷಿಸಿದರು. ಯೋಜನೆ ಹಾಕಿ ಕೊಲ್ಲೋರು ಒಂದು ಜಾತಿ, ಯದ್ವಾತದ್ವಾ ಕೊಲ್ಲೋರು ಇನ್ನೊಂದು ಅಂತಾರಲ್ಲ, ಅದು. ಹಾಗೆ ಎರಡು ಗುಂಪು ಸಿಗಲೇ ಇಲ್ಲ.

ಶಾಂತಾ ಅತ್ತಿ: ನಮ್ಮ ವಿಜಾಪುರದಲ್ಲೇ ಸೆಟ್ಲ್‌ಮೆಂಟ್ ಇತ್ತಲ್ಲ ಬಸಣ್ಣ. ಬ್ರಿಟಿಷರು ಹುಟ್ಟಿದ ಜಾತಿ ನೋಡಿ ಕಳ್ಳರು ಅಂತ ಬರೆದುಕೊಂಡು, ಅಲ್ಲಿ ಕೂಡಿಹಾಕಿ ಹಾಜರಿ ತಗೋತಿದ್ರು.

ಸವಿತಾ: ಹೌದು ಅತ್ತಿ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ, ರದ್ದಾಗಿದ್ದು 1952ರಲ್ಲಿ. ಜೈಲಿನ ನಿಯಮಗಳಲ್ಲಿ ಮಾತ್ರ ಆ ವಾಸನೆ ಹೋಗಿರಲಿಲ್ಲ. ಅದನ್ನು ತೆಗೆಯಿರಿ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು.

ಬಸು ಕಾಕಾ: ಅದು ಜಾತಿ, ಇದು ಮನಶ್ಶಾಸ್ತ್ರ. ಎರಡನ್ನೂ ಕಲಸಬೇಡ.

ಸವಿತಾ: ಸರಿ, ನೀವೇ ಹೇಳಿ. ನೀವು ಡ್ಯೂಟಿಯಲ್ಲಿದ್ದಾಗ ಕಳ್ಳತನವಾದ ರಾತ್ರಿ ಜೀಪು ಮೊದಲು ಯಾವ ಓಣಿಗೆ ಹೋಗ್ತಿತ್ತು?

ಬಸು ಕಾಕಾ: ಅದೇ ಸೆಟ್ಲ್‌ಮೆಂಟ್ ಓಣಿಗೆ. ಆದರೆ ಎಷ್ಟೋ ಸಲ ಮಾಲು ಸಿಕ್ಕಿದ್ದೂ ಅಲ್ಲೇ!

ಸವಿತಾ: ಬೇರೆ ಓಣಿಗೆ ಹೋಗಿ ಹುಡುಕಿದ್ರೆ ತಾನೇ ಅಲ್ಲಿ ಸಿಗೋದು?

ಪ್ರಕಾಶ: 😀😀

ಬಸು ಕಾಕಾ: ನೀನು ನಗಬೇಡಲೇ. ಸವಿತಾ, ಭಾನುವಾರ ಮನೆಗೆ ಬಾ, ಇದಕ್ಕೆ ಉತ್ತರ ಐತಿ. ವಿಡಿಯೋ ಮಾತ್ರ ತೆಗೆಯಲ್ಲ.