ಬರಬೇಕಾದ ಹುಡುಗರೇ ನಮ್ಮ ಟ್ಯೂಟರಿಂಗ್ ರೂಮಿಗೆ ಬರುತ್ತಿಲ್ಲ, ಏನು ಮಾಡಲಿ?

ಪಾಂಡವಪುರದವಳು:
ಮೈಸೂರಿನ ಒಂದು ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ನಾವು ಆರು ಜನ ಸೇರಿ ಬಿ.ಎಸ್ಸಿ. ಜೂನಿಯರ್‌ಗಳಿಗೆ ಸಂಜೆ 5ರಿಂದ 6.30ರವರೆಗೆ ಹೇಳಿಕೊಡುತ್ತೇವೆ. ಬಾಗಿಲ ಮೇಲೆ ‘ಹಿಂದುಳಿದವರಿಗೆ ಉಚಿತ ತರಗತಿ’ ಅಂತ ಚೀಟಿ ಅಂಟಿಸಿದ್ದಾರೆ. ಒಳಗೆ ಬರುವವರು ಮಾತ್ರ ಮೊದಲೇ ಚೆನ್ನಾಗಿ ಓದುವವರು. ಮಳವಳ್ಳಿ, ಕೆ.ಆರ್. ಪೇಟೆ ಕಡೆಯಿಂದ ಕನ್ನಡ ಮೀಡಿಯಂ ಓದಿ ಬಂದವರು ಬಾಗಿಲವರೆಗೂ ಬಂದು ವಾಪಸ್ ಹೋಗುತ್ತಾರೆ. ನಾನೂ ಅವರ ಹಾಗೇ ಬಂದವಳು. ಡೌಟ್ ಕೇಳೋಕೆ ಬಾಯಿ ಬರದೆ ಮೊದಲ ಸೆಮಿಸ್ಟರ್ ಪೂರ್ತಿ ಹಾಸ್ಟೆಲ್‌ನಲ್ಲಿ ಅತ್ತಿದ್ದೇನೆ. ಅವರಿಗೆ ಹಾಗಾಗಬಾರದು.

ಹಳೇ ಟ್ಯೂಟರ್:
ಮೊದಲು ಆ ಚೀಟಿ ಕಿತ್ತುಹಾಕಿ. ಅದನ್ನು ಓದಿ ಯಾರು ತಾನೇ ಒಳಗೆ ಬರುತ್ತಾರೆ? ಅಮೆರಿಕದ ಕಾನ್ಸಾಸ್ ಸಿಟಿಯ ಮಿಸೌರಿ ಯೂನಿವರ್ಸಿಟಿಯಲ್ಲಿ 1973ರಲ್ಲಿ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಅಂತ ಒಂದು ಪದ್ಧತಿ ಶುರುವಾಯಿತು. ಅಲ್ಲಿ ದಡ್ಡರು ಯಾರು ಅಂತ ಹುಡುಕುವುದಿಲ್ಲ, ಜಾಸ್ತಿ ಜನ ಫೇಲಾಗುವ ಪೇಪರ್ ಯಾವುದು ಅಂತ ನೋಡುತ್ತಾರೆ. ಆ ಪೇಪರ್ ಚೆನ್ನಾಗಿ ಪಾಸಾದ ಸೀನಿಯರ್ ಮತ್ತೆ ಅದೇ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆಯುತ್ತಾನೆ. ಆಮೇಲೆ ಎಲ್ಲರನ್ನೂ ಸೇರಿಸಿ ಚರ್ಚೆ ನಡೆಸುತ್ತಾನೆ. ಎಲ್ಲರಿಗೂ ಅಂದಮೇಲೆ ನಾಚಿಕೆ ಎಲ್ಲಿಂದ ಬರಬೇಕು, ಅಲ್ವಾ?

ಇನ್ನೊಂದು ಮಾತು. ಪೆನ್ನು ಯಾವಾಗಲೂ ಕಲಿಯುವವರ ಕೈಯಲ್ಲೇ ಇರಲಿ. ನಾನು ಮೊದಮೊದಲು ಲೆಕ್ಕವನ್ನೆಲ್ಲ ನಾನೇ ಮಾಡಿ ತೋರಿಸುತ್ತಿದ್ದೆ. ಹುಡುಗರು ತಲೆ ಆಡಿಸುತ್ತಿದ್ದರು. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಿಟ್ಟು ಬಂದರು.

ಮಂಡ್ಯ ಮೇಡಂ:
5 ಗಂಟೆ ಅಂದರೆ ದಿನಾ ಊರಿಂದ ಓಡಾಡುವವರಿಗೆ ಆಗುವುದಿಲ್ಲ. ಮಂಡ್ಯದಲ್ಲಿ ಇಳಿದು ಹಳ್ಳಿ ಬಸ್ಸು ಹಿಡಿಯಬೇಕು. ಹುಡುಗಿಯರಿಗಂತೂ ಕತ್ತಲಾದರೆ ಮನೆಯಲ್ಲಿ ಬೈಗುಳ. ಮಧ್ಯಾಹ್ನ ಊಟದ ಹೊತ್ತಿಗೆ ಇಡಿ, ಡಬ್ಬಿ ತಂದು ಕೂರಲಿ.

ಪಾಂಡವಪುರದವಳು:
ಮೂರು ವಾರ ಆಯಿತು. ಈಗ ಬಾಗಿಲ ಮೇಲೆ ಬರೀ ‘ಪ್ರಾಬಬಿಲಿಟಿ, ಮಧ್ಯಾಹ್ನ 1.15’ ಅಂತ ಇದೆ. ನಿನ್ನೆ ಹದಿನಾಲ್ಕು ಜನ ಬಂದಿದ್ದರು. ಕಂಡೀಷನಲ್ ಪ್ರಾಬಬಿಲಿಟಿ ತಲೆಗೆ ಹತ್ತುತ್ತಿರಲಿಲ್ಲ. ಕನ್ನಡದಲ್ಲೇ ಕೇಳಿದೆ: ‘ಬಸ್ಸು ಲೇಟಾಗುವ ಸಾಧ್ಯತೆ ಎಷ್ಟು? ಮಳೆ ಬರುತ್ತಿದೆ ಅಂತ ಗೊತ್ತಾದ ಮೇಲೆ ಎಷ್ಟು?’ ಒಂದು ತಿಂಗಳಿಂದ ಬಾಗಿಲಲ್ಲೇ ನಿಲ್ಲುತ್ತಿದ್ದ ಹುಡುಗಿ ಎದ್ದು ಬಂದಳು. ಮಳೆ ಬಂದ ದಿನಗಳನ್ನಷ್ಟೇ ಬೋರ್ಡಿನ ಮೇಲೆ ಬೇರೆ ಮಾಡಿ ಬರೆದಳು. ಅದರಲ್ಲಿ ಬಸ್ಸು ಲೇಟಾದ ದಿನಗಳನ್ನು ಎಣಿಸಿ ಭಾಗಿಸಿದಳು. ಚಾಕ್ ಪೀಸ್ ನಾನು ಮುಟ್ಟಲೇ ಇಲ್ಲ.