ಗ್ರಾಫೀನ್ ಹಾಳೆಗೆ ಸಾಬೂನು ಮಾಡುವುದಾದರೂ ಏನು?

ಕರಿಸೀಸ: ಅಡುಗೆಮನೆಯ ಮಿಕ್ಸರ್‌ನಲ್ಲಿ ನೀರು, ಗ್ರಾಫೈಟ್ ಪುಡಿ, ಪಾತ್ರೆ ತೊಳೆಯುವ ದ್ರವ ಹಾಕಿ ತಿರುಗಿಸಿದರೂ ಗ್ರಾಫೀನ್ (ಗ್ರಾಫೈಟ್‌ನಿಂದ ಬಿಡಿಸಿದ, ಒಂದು ಪರಮಾಣು ದಪ್ಪದ ಇಂಗಾಲದ ಹಾಳೆ) ಸಿಗುತ್ತದೆ ಎಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ತಂಡ 2014ರಲ್ಲಿ ತೋರಿಸಿತು. ಪದರ ಬಿಡಿಸುವುದು ಬ್ಲೇಡಿನ ರಭಸ. ಹಾಗಾದರೆ ಸಾಬೂನು ಏಕೆ? ನೊರೆ ಎಬ್ಬಿಸುವುದಕ್ಕೋ?

ಪದರುಗಳು: ಬಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬರೀ ನೀರಿನಲ್ಲಿ ಆ ಹಾಳೆಗಳು ಮತ್ತೆ ಒಂದರ ಮೇಲೊಂದು ಕುಳಿತು, ತಳದಲ್ಲಿ ಬೂದು ಗಸಿಯಾಗುತ್ತವೆ. ಎಸ್‌ಡಿಎಸ್‌ನಂಥ ಸರ್ಫ್ಯಾಕ್ಟಂಟ್‌ನ, ಅಂದರೆ ಸಾಬೂನಿನಂಥ ಅಣುವಿನ, ನೀರೊಲ್ಲದ ಬಾಲ ಹಾಳೆಗೆ ಅಂಟುತ್ತದೆ, ಋಣ ವಿದ್ಯುದಂಶದ ತಲೆ ನೀರಿನ ಕಡೆಗಿರುತ್ತದೆ. ಎಲ್ಲ ಹಾಳೆಗಳಿಗೂ ಒಂದೇ ಬಗೆಯ ವಿದ್ಯುದಂಶ ಬಂದಮೇಲೆ ಅವು ಪರಸ್ಪರ ದೂರ ತಳ್ಳುತ್ತವೆ.

ತಲೆಬಾಲ: ಬಾಲ ಊರಿ ನೆಟ್ಟಗೆ ನಿಂತ ಅಣುಗಳ ಚಿತ್ರವನ್ನು ದಯವಿಟ್ಟು ಮರೆಯಿರಿ. 1990ರ ದಶಕದಲ್ಲೇ ಪರಮಾಣು ಬಲ ಸೂಕ್ಷ್ಮದರ್ಶಕದಡಿ ಗ್ರಾಫೈಟ್ ಮೇಲಿನ ಸಿಟಿಎಬಿ ಎಂಬ ಇನ್ನೊಂದು ಸರ್ಫ್ಯಾಕ್ಟಂಟ್‌ನ ಅಣುಗಳನ್ನು ನೋಡಿದಾಗ ಕಂಡದ್ದು ಉದ್ದುದ್ದ ಸಮಾನಾಂತರ ಪಟ್ಟೆಗಳು. ಮೊದಲು ಬಾಲಗಳು ಮೇಲ್ಮೈಗೆ ಒತ್ತಿಕೊಂಡು ಮಲಗುತ್ತವೆ, ಆಮೇಲೆ ಅವುಗಳ ಮೇಲೆ ಉಳಿದವು ಸೇರಿ ಅರ್ಧ ಸಿಲಿಂಡರ್ ಕಟ್ಟುತ್ತವೆ. ಬಾಲದ ಇಂಗಾಲದ ಸರಪಳಿಯಲ್ಲಿ ಒಂದು ಅಂಕುಡೊಂಕಿನ ಅಳತೆ ಸುಮಾರು 0.25 ನ್ಯಾನೋಮೀಟರ್, ಗ್ರಾಫೈಟ್ ಜಾಲರಿಯದೂ ಹೆಚ್ಚುಕಡಿಮೆ ಅಷ್ಟೇ. ಮಲಗಲು ಅಚ್ಚುಕಟ್ಟಾದ ಜಾಗ!

ಕರಿಸೀಸ: ಹಾಗಿದ್ದರೆ ಸಾಬೂನು ಹೆಚ್ಚಿದಷ್ಟೂ ಲಾಭವಲ್ಲವೇ?

ತಲೆಬಾಲ: ಅಲ್ಲ. ಮೇಲ್ಮೈ ತುಂಬಿದ ಮೇಲೆ ಉಳಿದದ್ದು ನೀರಿನಲ್ಲಿ ಮೈಸೆಲ್‌ಗಳಾಗಿ, ಅಂದರೆ ಅಣುಗಳ ಪುಟ್ಟ ಗುಂಪುಗಳಾಗಿ, ಅಲೆಯುತ್ತದೆ. ಎರಡು ಹಾಳೆಗಳ ನಡುವಿನ ಕಿರಿದಾದ ಸಂದಿಗೆ ಅವು ನುಗ್ಗಲಾರವು, ಹೊರಗಿನಿಂದ ಮಾತ್ರ ಒತ್ತುತ್ತವೆ. ಬಿಡಿಸಲು ಸುರಿದದ್ದೇ ಕೂಡಿಸಲು ಶುರುಮಾಡುತ್ತದೆ.

ಕಂದುನೀರು: ನೀವೆಲ್ಲ ಶುದ್ಧ ಗ್ರಾಫೀನ್ ಬಗ್ಗೆಯೇ ಮಾತನಾಡುತ್ತಿದ್ದೀರಿ. ಆಮ್ಲಜನಕದ ಗುಂಪುಗಳು ಅಂಟಿರುವ ಗ್ರಾಫೀನ್ ಆಕ್ಸೈಡ್‌ನ ಕಥೆ ಬೇರೆ. ಕಾರ್ಬಾಕ್ಸಿಲ್ ಎಂಬ ಆಮ್ಲೀಯ ಗುಂಪುಗಳಿಂದಾಗಿ ಅದಕ್ಕೆ ನೀರಿನಲ್ಲಿ ಮೊದಲೇ ಋಣ ವಿದ್ಯುದಂಶ ಇರುತ್ತದೆ. ಚದುರಲು ಯಾರ ಹಂಗೂ ಬೇಡ. ಅದಕ್ಕೆ ಧನ ತಲೆಯ ಸಿಟಿಎಬಿಯನ್ನು ಸ್ವಲ್ಪ ಹಾಕಿ ನೋಡಿ: ವಿದ್ಯುದಂಶ ಅಳಿಸಿಹೋಗಿ ಕಂದು ಚೂರುಗಳು ಗಂಟುಕಟ್ಟಿ ಇಳಿಯುತ್ತವೆ, ಮೇಲೆ ತಿಳಿನೀರು. ಇನ್ನಷ್ಟು ಹಾಕಿದರೆ ಎರಡನೆಯ ಪದರ ತಲೆ ಹೊರಗೆ ಮಾಡಿ ಕೂತು, ಗಂಟು ಮತ್ತೆ ಚದುರಬಹುದು. ‘ಗ್ರಾಫೀನ್‌ಗೆ ಒಳ್ಳೆಯ ಸಾಬೂನು ಯಾವುದು’ ಎಂದು ಕೇಳುವವರು ಮೊದಲು ಯಾವ ಮೇಲ್ಮೈ ಎಂದು ಹೇಳಲಿ.

ಪದರುಗಳು: ಒಪ್ಪುತ್ತೇನೆ. ಆದರೆ ಶುದ್ಧ ಗ್ರಾಫೀನ್‌ಗೆ ನನ್ನ ಮತ ಸೋಡಿಯಂ ಕೋಲೇಟ್‌ಗೆ. ಪಿತ್ತರಸದ ಲವಣ ಅದು. ಬಾಲವೇ ಇಲ್ಲದ ಚಪ್ಪಟೆ ಅಣು. ನೀರೊಲ್ಲದ ಮುಖ ಹಾಳೆಗೆ, ಹೈಡ್ರಾಕ್ಸಿಲ್ ಇರುವ ಮುಖ ನೀರಿಗೆ.

ತೆಳುಪೊರೆ: ಎಲ್ಲ ಸರಿ, ತೆಗೆಯುವವರು ಯಾರು? ವಿದ್ಯುತ್ ಹರಿಯುವ ಪೊರೆ ಮಾಡಲು ಹೊರಟವರಿಗೆ ಹಾಳೆ ಹಾಳೆಯ ನಡುವೆ ಉಳಿದ ಸಾಬೂನು ಶುದ್ಧ ಅಡ್ಡಗೋಡೆ. ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ. ಅದಕ್ಕಿಂತ ಸಾಬೂನಿಲ್ಲದೆಯೇ ಹಾಳೆಗಳನ್ನು ಚದುರಿಸುವ ಎನ್‌ಎಂಪಿ ಎಂಬ ಸಾವಯವ ದ್ರಾವಕವೇ ಲೇಸು.

ಕಂದುನೀರು: 202 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಗರ್ಭಕ್ಕೆ ಅಪಾಯಕಾರಿ ಎಂದು ಗುರುತಿಸಿರುವ ದ್ರಾವಕವನ್ನು ಪೊರೆಯಿಂದ ಹೊರಡಿಸುವುದು ಸುಲಭವೇ? ಪ್ಲಾಸ್ಟಿಕ್‌ಗೆ ಬಲ ತುಂಬಲು ಬೆರೆಸುವವರಿಗಂತೂ ಸಾಬೂನು ಉಳಿದರೆ ಅಷ್ಟು ತಲೆಬಿಸಿ ಇಲ್ಲ.

ತೆಳುಪೊರೆ: ನನಗೆ ಬೇಕಿರುವುದು ಎಲೆಕ್ಟ್ರೋಡ್, ಬಕೆಟ್ ಅಲ್ಲ.